ಕೊಡ ತಪ್ಪಿಸಿದ ಮಚ್ಚು

ಗಾಳಿಯನ್ನು ಸೀಳಿಕೊಂಡು ಬಂದ ಮಚ್ಚೊಂದು ಪೂಲಮ್ಮಾಳ ಕಾಲ್ಬೆರಳಿಂದ ಗೇಣು ದೂರದಲ್ಲಿ, ಕೆಂಪು ಮರಳಿಗೆ ಕಚ್ಚಿಕೊಂಡು ನಿಂತಿತು.

ಅವಳು ಕಿರುಚಲಿಲ್ಲ. ಬಿಲ್ಲಿನ ಹೆದೆ ಬಿಗಿಯುತ್ತಿದ್ದ ಕೈ ಮಾತ್ರ ಒಂದು ಕ್ಷಣ ನಿಂತಿತು.

"ಬಿತ್ತಾ? ಇಲ್ಲ ಎಸೆದ್ರಾ?" ತಲೆಯೆತ್ತದೆ ಕೇಳಿದಳು.

"ಎಸೆದೆ."

"ಗುರಿ ತಪ್ತು."

"ತಪ್ಪಲಿಲ್ಲ. ಅಲ್ಲಿಗೇ ಎಸೆದಿದ್ದು."

ಈಗ ತಲೆಯೆತ್ತಿದಳು. ಒದ್ದೆ ಪಂಚೆ, ಉಪವಾಸಕ್ಕೆ ಕೆಂಪಾದ ಕಣ್ಣು, ಎದೆಯ ತುಂಬ ವಿಭೂತಿ. ಸೊರಿಮುತ್ತು! ಒಂಟಿತಾಳೆ ಮಾಡಸ್ವಾಮಿಯನ್ನು ಮೈಮೇಲೆ ಹೊರುವ ಸಾಮಿಯಾಡಿ.

ಇಷ್ಟು ವರ್ಷ ಅಪ್ಪನ ಎಡಗಡೆ ಕೂತು ಬಿಲ್ಲಿನ ಹೆದೆ ಬಾರಿಸುತ್ತಾ ಕಥೆ ಹೇಳುವ ಬಿಲ್ಲುಹಾಡಿಗೆ ದನಿಗೂಡಿಸಿದವಳು ಅವಳು. ಈ ಸಲ ಅಪ್ಪನಿಲ್ಲ. ಬಿಲ್ಲಿನ ಮುಂದೆ ಅವಳೇ ಕೂರಬೇಕು. ಸೊರಿಮುತ್ತುವನ್ನು ಪ್ರತಿ ಹಬ್ಬದಲ್ಲೂ ನೋಡಿದ್ದಳು... ಆದರೆ ಸಾಮಿಯಾಗಿ. ಮನುಷ್ಯನಾಗಿ ಅವನು ಎದುರಾದದ್ದು ಇದೇ ಮೊದಲು.

'ಅಯ್ಯೋ, ಸಾಮಿಗಿಂತ ಇವನೇ ಚೆನ್ನಾಗಿದ್ದಾನಲ್ಲ!' ಎಂದುಕೊಂಡ ಮನಸ್ಸಿಗೆ ತಾನೇ ಒಂದು ಗದರಿಕೆ ಹಾಕಿದಳು.

"ಏನಪ್ಪಾ, ಸಾಮಿ ಬರೋಕೆ ಮುಂಚೆ ಸಾಮಿ ಸಾಮಾನು ಬಂತಾ?" ಪಕ್ಕದಲ್ಲಿ ಮಣ್ಣಿನ ಕೊಡಕ್ಕೆ ಹುರಿ ಸುತ್ತುತ್ತಿದ್ದ ಐಕೋರ್ಟ್ ಮಾಮ ಹಲ್ಲುಕಿರಿದ. ಹೈಕೋರ್ಟಿನ ಹೆಸರನ್ನೇ ಮಕ್ಕಳಿಗಿಡುವ ಸೀಮೆ ಅದು. ಕೊಡ ಬಾರಿಸುವುದು, ಹಾಡಿನ ಸಾಲುಸಾಲಿಗೂ 'ಆಮಾ, ಆಮಾ' ಎಂದು ಹೌದುಗುಟ್ಟುವುದು ಅವನ ಕೆಲಸ.

ಸೊರಿಮುತ್ತು ನಗಲಿಲ್ಲ. "ಮಧ್ಯಾಹ್ನ ಆ ಮೂರು ಹೆಸರು ಹಾಡಬೇಡಿ."

ಮೂರು ಹೆಸರು! ಊರಿಗೆಲ್ಲ ಗೊತ್ತಿದ್ದ ಕಥೆ. ತಾಳೆಮರ ಹತ್ತುತ್ತಿದ್ದ ವೈರವ ಎಂಬ ಹುಡುಗ ಮೇಲ್ಮನೆಯ ಕುಮರಾಯಿಯನ್ನು ಪ್ರೀತಿಸಿ ಮದುವೆಯಾದ. ಅವಳ ಮೂವರು ಅಣ್ಣಂದಿರು 'ಬಾ ಭಾವ, ಊಟಕ್ಕೆ' ಎಂದು ಕರೆದು, ಎಲೆಯ ಮುಂದೆ ಕೂರಿಸಿ ಕಡಿದರು. ಸತ್ತವನು ಮಾಡಸ್ವಾಮಿಯಾದ. ಕೊಂದವರ ವಂಶವೇ ಅಂದಿನಿಂದ ಅವನಿಗೆ ಪೂಜೆ ಮಾಡುತ್ತಿದೆ. ವರ್ಷಕ್ಕೊಮ್ಮೆ ಮೂವರ ಹೆಸರನ್ನೂ ಹಾಡಬೇಕು. ಮೇಲ್ಮನೆಯ ಹಿರಿಯ ತನ್ನ ಕೈಯಾರೆ ಎಲೆ ಹಾಕಿ, ಅಂದು ಉಣ್ಣದೆ ಹೋದವನಿಗೆ ಬಡಿಸಬೇಕು.

ಈಗಿನ ಹಿರಿಯ ಕಂದಪೆರುಮಾಳ್, ಸೊರಿಮುತ್ತುವಿನ ಸೋದರಮಾವ. ತಾತನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆ ಬಿಡದ ಮನೆ. ಹಾಗಾಗಿ ಕೊಂದವರಲ್ಲಿ ಮೂರನೆಯವನ ಹೆಸರೂ ಕಂದಪೆರುಮಾಳ್! ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಹಬ್ಬದ ಮೈಕಿನಲ್ಲಿ, ಊರವರ ಮೊಬೈಲುಗಳಲ್ಲಿ 'ಕೊಲೆಗಾರ ಕಂದಪೆರುಮಾಳ್' ಎಂದು ಮೊಳಗುವುದು ಅವನಿಗೆ ಬೇಕಿರಲಿಲ್ಲ.

ಪೂಲಮ್ಮಾಳ್ ಗಂಟಲು ಸರಿಮಾಡಿಕೊಂಡಳು. ಎಲೆಅಡಿಕೆ ತುಂಬಿದ ಬಾಯಿಯ ಮೂಗುದನಿ ಅವಳ ಗಂಟಲಿಗೆ ಇಳಿದೇಬಿಟ್ಟಿತು. "ಏ ಕೂಸೇ... ಕಾಲ ಬದ್ಲಾಗಿದೆ ಕಣೇ... ಉತ್ತರದಿಂದ ಯಾರೋ ಕಳ್ರು ಬಂದು ಕಡಿದ್ರು ಅಂತ ಹಾಡು... ದೇವ್ರಿಗೇನು ಗೊತ್ತಾಗುತ್ತೆ?"

ಥೇಟ್ ಕಂದಪೆರುಮಾಳ್! ಅವನು ಅವಳಿಗೆ ಹೇಳಿದ್ದ ಮಾತು, ಅವನದೇ ದನಿ. ಸೊರಿಮುತ್ತುವಿನ ತುಟಿಯಂಚು ಅದುರಿತು. ನಗು ಬಂದೇ ಬಂತು ಎನ್ನುವಷ್ಟರಲ್ಲಿ ಅವನು ಹಿಂದಿರುಗಿ ನೋಡಿದ. ಚಪ್ಪರದ ಕಂಬಕ್ಕೆ ಒರಗಿ ಅಸಲಿ ಕಂದಪೆರುಮಾಳ್ ನಿಂತಿದ್ದ. ಎಲೆಅಡಿಕೆ ಜಗಿಯುತ್ತಾ ಇತ್ತಲೇ ನೋಡುತ್ತಿದ್ದ.

ಸೊರಿಮುತ್ತುವಿನ ಮುಖ ಕಲ್ಲಾಯಿತು. ಬಗ್ಗಿ ಮಚ್ಚು ಕಿತ್ತುಕೊಳ್ಳುತ್ತಾ ಮೆಲ್ಲನೆ ಹೇಳಿದ: "ನಿಮ್ಮ ಬಲಗೈ ಬಲು ಚೆನ್ನಾಗಿ ಬಿಲ್ಲು ಬಾರಿಸುತ್ತೆ. ಅದನ್ನ ಹುಷಾರಾಗಿ ನೋಡ್ಕೊಳ್ಳಿ."

ಅವಳ ಮೈ ಉರಿದುಹೋಯಿತು. "ಬೆದರಿಕೇನಾ? ಹೋಗಿ ನಿಮ್ಮ ಮಾವಂಗೆ ಹೇಳಿ, ಪೂಲಮ್ಮಾಳ್ ಹಾಡ್ತಾಳೆ ಅಂತ. ಮೂರೂ ಹೆಸರು. ಗಟ್ಟಿಯಾಗಿ!"

ಅವನು ಮಾವನತ್ತ ಒಮ್ಮೆ ನೋಡಿ, ಮಚ್ಚನ್ನು ಹೆಗಲಿಗೇರಿಸಿ ಹೋದ.

*

ನಡುಮಧ್ಯಾಹ್ನ. ಬಲಿಯಾದ ಆಡುಗಳ ನೆತ್ತರು ಮರಳಲ್ಲಿ ಇಂಗುತ್ತಿತ್ತು. ಸಾಂಬ್ರಾಣಿ ಹೊಗೆ, ಚಂಡೆಯ ಗುಡುಗು, ಬೆವರು.

ಕೊಡದ ಮೇಲೆ ಒರಗಿದ ಉದ್ದನೆಯ ಬಿಲ್ಲು ಗಂಟೆಗಳನ್ನು ಕುಲುಕುತ್ತಿತ್ತು. ಪೂಲಮ್ಮಾಳ ಎರಡೂ ಕೈಯ ಕೋಲುಗಳು ಹೆದೆಯ ಮೇಲೆ ಕುಣಿಯುತ್ತಿದ್ದವು.

"ಬಾಳೆಯೆಲೆಯ ಹಾಸಿದರು, ಬಾರೋ ಭಾವ ಎಂದರು..."

"ಆಮಾ!"

"ಬಾಗಿ ಕುಂತ ಕೊರಳ ಮೇಲೆ ಮಿಂಚಿನಂತೆ ಬಂದರು..."

"ಆಮಾ, ಆಮಾ!"

ಕಾಲಿಗೆ ಗೆಜ್ಜೆ, ತಲೆಯ ಮೇಲೆ ಎತ್ತಿದ ಮಚ್ಚು. ಸೊರಿಮುತ್ತು ಹೂಂಕರಿಸುತ್ತಾ ಕುಣಿದು ಬಂದ. ಹೆಂಗಸರು ಕೈಮುಗಿದರು.

"ಮೊದಲ ಏಟು ಹೊಡೆದ ಕೈ ಯಾರದೆಂದು ಹೇಳಲೇ?"

"ಹೇಳು ತಾಯಿ, ಹೇಳು!" ಐಕೋರ್ಟ್ ಮಾಮ ಕೊಡದ ಬಾಯಿಗೆ ಹಾಳೆಯ ಪಟ್ಟೆಯಿಂದ ಅಪ್ಪಳಿಸಿದ.

"ಮೇಲ್ಮನೆಯ ಹಿರಿಯ ಮಗ, ಅವನ ಹೆಸರು—"

ಮಚ್ಚು ಇಳಿಯಿತು!

ಟಣ್! ಹೆದೆ ತುಂಡಾಗಿ ಹಾವಿನಂತೆ ಹಾರಿ ಪೂಲಮ್ಮಾಳ ಕೆನ್ನೆ ಸೀಳಿತು. ಬಿಲ್ಲು ಮಗುಚಿಬಿತ್ತು. ಹಾಡು ನಿಂತಿತು.

ಆದರೆ ಆ ರೆಪ್ಪೆಯಾಡುವ ಹೊತ್ತಿನಲ್ಲಿ ಅವಳು ಎರಡು ಸಂಗತಿ ನೋಡಿಬಿಟ್ಟಿದ್ದಳು. ಮಚ್ಚು ಇಳಿಯುವಾಗ ಅವನ ಮಣಿಕಟ್ಟು ತುಸು ತಿರುಗಿ, ಅಲಗು ಕೊಡವನ್ನು ತಪ್ಪಿಸಿಕೊಂಡು ಹೋಗಿತ್ತು. ಮತ್ತೆ... ಅವನು ಕಣ್ಣು ಮಿಟುಕಿಸಿದ್ದ.

ಅಪ್ಪ ಹೇಳುತ್ತಿದ್ದ: "ಮೈಮೇಲೆ ಬಂದ ಸಾಮಿ ಕಣ್ಣು ಮಿಟುಕಿಸಲ್ಲ ಮಗಳೇ. ದಾರೀಲಿ ಇರೋದನ್ನ ತಪ್ಪಿಸಿ ನಡಿಯಲ್ಲ. ಬಿಲ್ಲಿನ ಮುಂದೆ ಕೂತವಳಿಗೆ ಅದು ಗೊತ್ತಿರಬೇಕು. ಬೇರೆ ಯಾರಿಗೂ ಗೊತ್ತಾಗಲ್ಲ."

ಗೊತ್ತಾಗಿತ್ತು. ಕೆನ್ನೆಯ ನೆತ್ತರು ತುಟಿಗಿಳಿದಾಗ ಮೈಕು ಹಿಡಿದು ಚೀರಿದಳು.

"ಇದು ಸಾಮಿ ಅಲ್ಲ! ಕೊಡ ತಪ್ಪಿಸ್ತು! ಕಣ್ಣು ಮಿಟುಕಿಸ್ತು! ಇದು ವೇಷ... ಬರೀ ವೇಷ!"

ಊರು ಅವನ ಮೇಲೆ ಬಿತ್ತು.

ಸಾಮಿಯ ಹೆಸರಲ್ಲಿ ಸುಳ್ಳು ಕುಣಿದವನಿಗೆ ಆ ಊರಲ್ಲಿ ಕ್ಷಮೆ ಇಲ್ಲ. ಚಪ್ಪರದ ಗಳ ಕಿತ್ತರು. ಮೊದಲ ಪೆಟ್ಟು ಮಂಡಿಗೆ, ಎರಡನೆಯದು ದವಡೆಗೆ. ಬಿದ್ದವನ ಪಕ್ಕೆಗೆ ಒದ್ದರು. ಗೆಜ್ಜೆಯನ್ನು ಕಾಲಿನ ಚರ್ಮದ ಸಮೇತ ಕಿತ್ತೆಸೆದರು. ಮುರಿದ ಹಲ್ಲೊಂದು ಮರಳ ಮೇಲೆ ಬಿತ್ತು.

ಅವನು ಕೈ ಎತ್ತಲಿಲ್ಲ. 'ಬಿಡಿ' ಎನ್ನಲಿಲ್ಲ. ಕಾಲುಗಳ ಕಾಡಿನ ನಡುವಿನಿಂದ ಅವಳತ್ತಲೇ ನೋಡುತ್ತಿದ್ದ. ಮುಖವನ್ನಲ್ಲ... ಅವಳ ಬಲಗೈಯನ್ನು.

'ಯಾಕೆ ಹಾಗೆ ನೋಡ್ತಾನೆ?' ಪೂಲಮ್ಮಾಳ್ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು.

"ಸಾಕು ಬಿಡ್ರೋ!" ಕಂದಪೆರುಮಾಳ್ ನಿಧಾನವಾಗಿ ಎದ್ದ. "ಎಲ್ಲೆಯಿಂದ ಆಚೆ ಎಸೀರಿ. ಇನ್ಮೇಲೆ ಅವ್ನು ಸಾಮಿಯಾಡಿ ಅಲ್ಲ. ಕಥೆನೂ ಇಲ್ಲಿಗೇ ಸಾಕು. ಹುಡುಗಿಗೆ ಪಾಪ, ನೋವಾಗಿದೆ."

ಅವನ ದನಿಯಲ್ಲಿ ಬೆಲ್ಲವಿತ್ತು. ಬೆಲ್ಲ ಕಂಡಲ್ಲಿ ಇರುವೆ ಹುಡುಕುವ ಐಕೋರ್ಟ್ ಮಾಮ ಕಣ್ಣು ಕಿರಿದು ಮಾಡಿದ.

*

ತನ್ನೂರು ವಳ್ಳಿಯೂರಿನ ಮನೆಯಲ್ಲಿ ಪೂಲಮ್ಮಾಳಿಗೆ ಅನ್ನ ಇಳಿಯಲಿಲ್ಲ. ಕೊಲೆಯಲ್ಲಿ ನಿಂತ ಕಥೆಯನ್ನು ಹಾಗೇ ಬಿಡುವಂತಿಲ್ಲ. ಎಂಟನೇ ದಿನದ ಪೂಜೆಯಲ್ಲಿ ಮುಗಿಸಲೇಬೇಕು. ಇಲ್ಲದಿದ್ದರೆ ಸತ್ತವನು ಹಸಿದೇ ಇರುತ್ತಾನೆ, ಹಾಡಿದವಳು ಮತ್ತೆ ಬಿಲ್ಲು ಮುಟ್ಟುವಂತಿಲ್ಲ.

ಐಕೋರ್ಟ್ ಮಾಮ ತೊಗಲು ನೆನೆಹಾಕಿ ಹೊಸ ಹೆದೆ ಹೊಸೆಯುತ್ತಿದ್ದ. "ಪೂಲು, ಒಂದು ಅನುಮಾನ. ಸುಳ್ಳು ಸಾಮಿ ಕೊಡ ಯಾಕೆ ಉಳಿಸ್ತು? ಹಾಡು ನಿಲ್ಲಿಸೋನಿಗೆ ಕೊಡ ಒಡೆದ್ರೆ ಇನ್ನೂ ಸಲೀಸು. ಒಡೆದ ಚೂರು ನಿನ್ನ ಮುಖಕ್ಕೆ ಹಾರ್ತಿತ್ತು ಅಷ್ಟೇ."

"ಮಾಮ, ಅವನ ವಕಾಲತ್ತು ಬೇಡ."

"ನಾನು ವಕೀಲ ಅಲ್ಲ ತಾಯಿ, ಐಕೋರ್ಟು. ವಿಚಾರಣೆ ಮಾಡದೆ ಶಿಕ್ಷೆ ಕೊಟ್ವಲ್ಲ ಅಂತ..."

ಬಾಗಿಲು ದಡಾರನೆ ತೆರೆಯಿತು. ಕೆದರಿದ ನರೆಗೂದಲು, ಸೆರಗಿನ ತುಂಬ ಒಣಗಿದ ನೆತ್ತರು. ಒಳಗೆ ಬಂದವಳೇ ಪೂಲಮ್ಮಾಳ ಗಾಯವಿಲ್ಲದ ಕೆನ್ನೆಗೆ ಬಾರಿಸಿದಳು!

"ಒಂದು ಕೆನ್ನೆಗೆ ನನ್ನ ಮಗ ಕೊಟ್ಟ. ಇದು ನಂದು."

ಸೊರಿಮುತ್ತುವಿನ ತಾಯಿ, ಮಾಡತ್ತಿಯಮ್ಮ! ಕಂದಪೆರುಮಾಳನ ಸ್ವಂತ ತಂಗಿ.

"ಆ ದಿನ ನಿನ್ನ ಹಿಂದೆ, ಚಪ್ಪರದ ತೆರೆ ಆಚೆ, ನಮ್ಮಣ್ಣನ ಆಳುಗಳು ಮಚ್ಚು ಹಿಡ್ಕೊಂಡು ನಿಂತಿದ್ರು ಕಣೇ! ಮೊದಲನೇ ಹೆಸರು ನಿನ್ನ ಬಾಯಿಂದ ಬಿದ್ದ ಕೂಡ್ಲೇ ನಿನ್ನ ಬಲಗೈ ಮೊಣಕೈವರೆಗೂ ತೆಗೀಬೇಕು ಅಂತ ಮಾತಾಗಿತ್ತು. ಸಾಮಿ ಆವೇಶದಲ್ಲಿ ಮಚ್ಚು ತಗುಲ್ತು ಅಂತ ನನ್ನ ಮಗನ ತಲೆಗೇ ಕಟ್ಟೋರು. ಅಡುಗೆಮನೇಲಿ ನನ್ನ ಕಿವಿಗೆ ಬಿತ್ತು. ನಾನೇ ಮಗನಿಗೆ ಹೇಳಿದೆ. ಹೆಸರು ಬೀಳೋಕೆ ಮುಂಚೆ ಅವನು ಹೆದೆ ಕಡಿದ."

ಪೂಲಮ್ಮಾಳ ಬಲಗೈ ತಾನಾಗಿ ಎದೆಗೆ ಅಂಟಿಕೊಂಡಿತು. "ನಂಗೆ... ನಂಗೆ ಹೇಳ್ಬೋದಿತ್ತಲ್ಲ..."

"ಬೆಳಿಗ್ಗೆ ಬಂದಿದ್ನಲ್ಲ! ಮಾವ ಕಣ್ಣಿಟ್ಕೊಂಡು ನಿಂತಿದ್ರೆ ಎಷ್ಟು ಹೇಳಕ್ಕಾಗುತ್ತೆ? ಹೇಳಿದ್ರೂ ನೀನು ನಿಲ್ಲಿಸ್ತಿದ್ಯಾ?"

ಪೂಲಮ್ಮಾಳ್ ತಲೆ ತಗ್ಗಿಸಿದಳು. ನಿಲ್ಲಿಸುತ್ತಿರಲಿಲ್ಲ.

ಮಾಡತ್ತಿಯಮ್ಮನ ದನಿ ಕುಸಿಯಿತು. "ಗುಡಿ ಬಾಗಿಲಲ್ಲಿ ಅಡ್ಡಬಿದ್ದು ಏನು ಬೇಡ್ಕೊಂಡ ಗೊತ್ತಾ? 'ಸಾಮೀ, ಇವತ್ತೊಂದಿನ ನನ್ನ ಮೇಲೆ ಬರಬೇಡ. ಈ ಮೈ ನಂಗೇ ಬಿಟ್ಟುಕೊಡು. ನೀನು ಬಂದ್ರೆ ನಂಗೆ ಕಣ್ಣು ಕಾಣಲ್ಲ, ಅವಳ ಕೈ ಕಾಯೋಕಾಗಲ್ಲ' ಅಂತ. ಅಜ್ಜನ ಕಾಲದಿಂದ ಬಂದ ಸಾಮೀನ ನಿನಗೋಸ್ಕರ ಬಾಗಿಲಲ್ಲೇ ನಿಲ್ಲಿಸಿದ! ನೀನು ಅವನನ್ನ ವೇಷ ಅಂದೆ."

ಪೂಲಮ್ಮಾಳ್ ಮಾಮನ ಪಕ್ಕ, ನೆನೆದ ತೊಗಲಿನ ಮುಂದೆ ಕೂತಳು. ಕಂಡದ್ದು ನಿಜವೇ... ಅವನು ಕೊಡ ತಪ್ಪಿಸಿದ್ದು ನಿಜ, ಕಣ್ಣು ಮಿಟುಕಿಸಿದ್ದೂ ನಿಜ. ಕಂಡದ್ದನ್ನೆಲ್ಲ ಸರಿಯಾಗಿ ಕಂಡು, ಅರ್ಥವನ್ನು ಮಾತ್ರ ತಲೆಕೆಳಗು ಮಾಡಿಕೊಂಡಿದ್ದಳು!

"ಈಗ... ಹೇಗಿದ್ದಾರೆ?"

"ಎಲ್ಲೆ ಆಚೆ ತಾಳೆಮರದ ಬುಡದಲ್ಲಿ ಬಿದ್ದಿದ್ದಾನೆ. ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ. ಕಥೆ ಮುಗೀಲಿ ಅಂತಾನೆ. ಸಾಮಿ ಇನ್ಯಾವತ್ತೂ ಬರಲ್ಲವೇನೋ ಅಂತ ಮಕ್ಕಳ ಹಾಗೆ ಅಳ್ತಾನೆ."

"ಸ್ಟೇಷನ್ನಿಗೆ ಹೋಗೋಣ," ಎಂದ ಮಾಮ.

"ಕಡೀದೇ ಇರೋ ಕೈಗೆ ಯಾರಪ್ಪ ಕೇಸ್ ಬರ್ಕೋತಾರೆ?" ಎಂದು ಮಾಡತ್ತಿಯಮ್ಮ ತಲೆಯಾಡಿಸಿದಳು.

ಪೂಲಮ್ಮಾಳ್ ಕಣ್ಣೊರೆಸಿಕೊಂಡು ಎದ್ದಳು. "ಮಾಮ, ಹೆದೆ ಬಿಗೀರಿ. ಎಂಟನೇ ದಿನ ಹಾಡ್ತೀನಿ. ಬಿಟ್ಟ ಹೆಸರಿಂದಲೇ."

"ಕೈ ಹೋಗುತ್ತೆ ಕಣೇ," ಎಂದಳು ಮಾಡತ್ತಿಯಮ್ಮ. ಈ ಸಲ ಅದು ಬೈಗುಳವಾಗಿರಲಿಲ್ಲ.

"ಹೋಗ್ಲಿ ಅತ್ತೆ. ಕೈ ಉಳಿಸಿಕೊಟ್ಟೋನ ಮಾನ ಅಲ್ಲಿ ಮಣ್ಣಲ್ಲಿ ಬಿದ್ದಿದೆ."

'ಅತ್ತೆ' ಎಂದದ್ದು ಅವಳ ಅರಿವಿಗೂ ಬರಲಿಲ್ಲ. ಮಾಮ ಗಮನಿಸಿದ. ಮದುವೆಗೆ ಮುಂಚೆಯೇ ಕೈಮಾಡಿದ ಅತ್ತೆ ಈ ಸೀಮೆಗೆ ಹೊಸತು ಎಂದುಕೊಂಡು, ಹೊಸೆಯುವ ಕೆಲಸ ಮುಂದುವರಿಸಿದ.

*

ಎಂಟನೇ ದಿನ ಊರಿಗೆ ಊರೇ ನೆರೆದಿತ್ತು. ಕಂದಪೆರುಮಾಳ್ ಮುಂದಿನ ಸಾಲಿನ ಕುರ್ಚಿಯಲ್ಲಿ, ಬಿಳಿ ಪಂಚೆಯಲ್ಲಿ.

"ಕಳ್ಳರ ಪಾಠಾನೇ ಹಾಡ್ತೀಯ ತಾನೇ ಕೂಸೇ?"

"ಕಳ್ಳರದ್ದೇ, ಯಜಮಾನ್ರೇ," ಎಂದಳು ಪೂಲಮ್ಮಾಳ್.

ಕುಳಿತಳು. ಕೋಲು ಹಿಡಿದಳು. ದೂರದಲ್ಲಿ, ಎಲ್ಲೆಗಲ್ಲಿನ ಆಚೆ, ಒಂಟಿ ತಾಳೆಯ ಬುಡದಲ್ಲಿ ಒಂದು ಮುದುರಿದ ಆಕಾರ ಕಂಡಿತು. ಅತ್ತಲೇ ನೋಡುತ್ತಾ ಹೆದೆಗೆ ಕೋಲು ಬಡಿದಳು.

"ಮೊದಲ ಏಟು ಹೊಡೆದ ಕೈ ಯಾರದೆಂದು ಹೇಳಲೇ?"

"ಹೇಳು ತಾಯಿ!"

"ಮೇಲ್ಮನೆಯ ಹಿರಿಯ ಮಗ, ನಲ್ಲಪೆರುಮಾಳ್ ಹೊಡೆದನು!"

ಹಿಂದಿನ ತೆರೆ ಹರಿಯಿತು. ದಪ್ಪ ಮೀಸೆಯ ಆಳೊಬ್ಬ ಮಚ್ಚು ಬೀಸಿದ. ಐಕೋರ್ಟ್ ಮಾಮ ಕೊಡವನ್ನೇ ಎತ್ತಿ ಅಡ್ಡ ಹಿಡಿದ!

ಫಳಾರ್! ಕೊಡ ನೂರು ಚೂರಾಯಿತು. ಜಾರಿದ ಅಲಗು ಪೂಲಮ್ಮಾಳ ಬಲಮುಂಗೈಯನ್ನು ಉದ್ದಕ್ಕೂ ಸೀಳಿತು. ನೆತ್ತರು ಹೆದೆಯ ಮೇಲೆ ಚಿಮ್ಮಿತು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಮಾಮನನ್ನು ಇಬ್ಬರು ಮರಳಿಗೆ ಕೆಡವಿ ಗುದ್ದಿದರು.

ಪೂಲಮ್ಮಾಳ ಎಡಗೈಯ ಕೋಲು ಮಾತ್ರ ಉಳಿದಿತ್ತು. ನೆಲಕ್ಕೆ ಬಿದ್ದ ಬಿಲ್ಲನ್ನು ಮಂಡಿಯಿಂದ ಒತ್ತಿಹಿಡಿದು ಹೆದೆಗೆ ಹೊಡೆದಳು.

"ಎರಡನೆಯ ಏಟು ಹೊಡೆದವ... ಸಡೈಯಪೆರುಮಾಳ್!"

'ಆಮಾ' ಎನ್ನಲು ಯಾರೂ ಇರಲಿಲ್ಲ. ಮಾಮನ ಬಾಯಿ ಮಣ್ಣಿನಲ್ಲಿತ್ತು.

ಆಗ ಬಂತು... ತಾಳೆಮರದ ಬುಡದಿಂದ.

"ಆಮಾಆಆ!"

ಮನುಷ್ಯನ ಗಂಟಲಿನದಲ್ಲ ಆ ದನಿ. ಮುರಿದ ಮಂಡಿಯವನು ಎದ್ದಿದ್ದ. ಎಲ್ಲೆಗಲ್ಲನ್ನು ದಾಟಿದ. ತಡೆಯಲು ಬಂದವನನ್ನು ಎತ್ತಿ ಕಂಬಕ್ಕೆ ಅಪ್ಪಳಿಸಿದ. ನೇರವಾಗಿ, ಬಾಣದಂತೆ ನಡೆದು ಬಂದ. ದಾರಿಯಲ್ಲಿ ಕೊಡದ ಚೂರುಗಳು ಮೊನೆ ಮೇಲಾಗಿ ಬಿದ್ದಿದ್ದವು.

ಅವನು ತಪ್ಪಿಸಲಿಲ್ಲ.

ಬರಿಗಾಲು ಚೂರುಗಳ ಮೇಲೆ ಕರಕರನೆ ಇಳಿಯಿತು. ಹೆಜ್ಜೆ ಹೆಜ್ಜೆಗೂ ಕೆಂಪು. ಕಣ್ಣು ಮಿಟುಕಲಿಲ್ಲ. ಪೂಲಮ್ಮಾಳ ರೋಮ ರೋಮ ನಿಮಿರಿತು. 'ಬಂದ... ಬಂದೇಬಿಟ್ಟ!'

ಅವಳ ಮುಖದಲ್ಲಿ ಅದನ್ನು ಓದಿಕೊಂಡ ಮೀಸೆಯ ಆಳು ಮಚ್ಚು ಕೈಬಿಟ್ಟು ಅಡ್ಡಬಿದ್ದ. ಕಂದಪೆರುಮಾಳ್ ಮಾತ್ರ ಅದನ್ನೆತ್ತಿಕೊಂಡ.

"ವೇಷ! ಅವತ್ತಿನ ಹಾಗೇ ವೇಷ ಇದು!" ಅರಚುತ್ತಾ ಸೋದರಳಿಯನ ತಲೆಗೆ ಬೀಸಿದ.

ಸೊರಿಮುತ್ತು ಅಲಗನ್ನು ಬರಿಯ ಎಡಗೈಯಲ್ಲಿ ಹಿಡಿದ. ಬೆರಳುಗಳ ನಡುವಿಂದ ನೆತ್ತರು ಧಾರೆಯಾಗಿ ಇಳಿದರೂ ಹಿಡಿತ ಸಡಿಲಲಿಲ್ಲ.

"ಮೂರನೇ ಹೆಸರು ಹೇಳಮ್ಮಾ," ಎಂದಿತು ಆ ದನಿ.

ಪೂಲಮ್ಮಾಳ್ ಕೋಲೆತ್ತಿದಳು. "ಮೂರನೆಯ ಏಟು ಹೊಡೆದವ... ಕಂದಪೆರುಮಾಳ್!"

ಸಾಮಿ ಮುಖ ಬಗ್ಗಿಸಿ ಕಂದಪೆರುಮಾಳನ ಕಣ್ಣೊಳಗೆ ನೋಡಿತು. ಸಿಟ್ಟಿರಲಿಲ್ಲ. ಬರೀ ಹಸಿವು.

"ಊಟಕ್ಕೆ ಅಂತ ಕರೆದ್ಯಲ್ಲೋ ಕಂದಪೆರುಮಾಳು... ಎಲೆ ಎಲ್ಲಿ?"

ಕಂದಪೆರುಮಾಳ್ ಮಚ್ಚಿನ ಹಿಡಿ ಬಿಟ್ಟ. ತನ್ನನ್ನು ಕೇಳಿದ್ದೋ, ತಾತನ ತಾತನನ್ನು ಕೇಳಿದ್ದೋ... ಆ ಮನುಷ್ಯನಿಗೆ ಬೇರೆ ಮಾಡಿ ನೋಡಲು ಆಗಲಿಲ್ಲ. ಮಂಡಿಯೂರಿದ. ತೆವಳುತ್ತಾ ಹೋಗಿ ಬಾಳೆಯೆಲೆ ತಂದ. ಹಾಸಿದ. ಬಿಳಿ ಪಂಚೆಯೆಲ್ಲ ಕೆಂಪು ಮಣ್ಣು, ಕಣ್ಣೀರು. ತನ್ನ ಕೈಯಾರೆ ಅನ್ನ ಬಡಿಸಿದ.

"ಉಣ್ಣು... ಉಣ್ಣಪ್ಪಾ..."

ಎಡಗೈಯಿಂದ ನೆತ್ತರು ಸುರಿಯುತ್ತಿದ್ದಂತೆಯೇ ಸಾಮಿ ಬಲಗೈಯಲ್ಲಿ ಮೊದಲ ತುತ್ತು ಎತ್ತಿತು.

ಪೂಲಮ್ಮಾಳ್ ದನಿ ತಗ್ಗಿಸಿದಳು. ಸತ್ತವನು ಕೈಲಾಸಕ್ಕೆ ಹೋಗಿ ವರ ಪಡೆದ ಸಾಲುಗಳು, ಉರಿಯನ್ನು ತಣಿಸುವ ಸಾಲುಗಳು. ಮಗುವನ್ನು ಮಲಗಿಸುವಂತೆ ಹಾಡಿದಳು. ಕೊನೆಯ ಸಾಲಿಗೆ ಸೊರಿಮುತ್ತು ಎಲೆಯ ಪಕ್ಕದಲ್ಲೇ ಕುಸಿದ.

*

ಆಸ್ಪತ್ರೆಯ ವೆರಾಂಡದ ಬೆಂಚು. ಅವಳ ಬಲಗೈಗೆ ಹೊಲಿಗೆ. ಅವನ ಎಡಗೈಗೆ, ಎರಡೂ ಕಾಲಿಗೆ, ದವಡೆಗೆ. ಕಂದಪೆರುಮಾಳ್ ತಾನಾಗಿ ಸ್ಟೇಷನ್ನಿಗೆ ಹೋಗಿ ಕೂತಿದ್ದಾನೆಂದು ಮಾಡತ್ತಿಯಮ್ಮ ಸುದ್ದಿ ತಂದಿದ್ದಳು.

"ಇಬ್ಬರನ್ನೂ ಒಂದೇ ದಾರದಲ್ಲಿ ಹೊಲಿದಿದ್ರೆ ಡಾಕ್ಟರಿಗೆ ಕೆಲಸ ಉಳೀತಿತ್ತು," ಎಂದ ಐಕೋರ್ಟ್ ಮಾಮ, ಊದಿದ ಕಣ್ಣಿನಲ್ಲೇ. "ನಾನು ಒಣಶುಂಠಿಯ ಸುಕ್ಕು ಕಾಫಿ ತರ್ತೀನಿ. ಬೇಗ ಬರಲ್ಲ."

ಪೂಲಮ್ಮಾಳ್ ಬೆಂಚಿನ ಮೇಲೆ ಅವನತ್ತ ತಿರುಗಿದಳು.

"ಸಾರಿ..." ಎಂದಳು. ಅಷ್ಟು ದೊಡ್ಡ ತಪ್ಪಿಗೆ ಅಷ್ಟು ಚಿಕ್ಕ ಮಾತು!

"ಸೊರಿ ಅಂತ ಅರ್ಧ ಹೆಸರು ಕರೆದ್ರಿ," ಮುರಿದ ಹಲ್ಲಿನ ಸಂದಿಯಲ್ಲಿ ಅವನ ಮಾತು ಸೋರುತ್ತಿತ್ತು. "ಇನ್ನರ್ಧ?"

"ಮುತ್ತು..." ಎಂದವಳೇ ಕೆಂಪಾದಳು. ಅವರ ನುಡಿಯಲ್ಲಿ ಅದು ಬರೀ ಮುತ್ತು, ಹವಳದ ಪಕ್ಕದ್ದು. ನೀವು ಬೇರೇನಾದರೂ ಓದಿಕೊಂಡರೆ ತಪ್ಪು ನಿಮ್ಮದಲ್ಲ, ಕನ್ನಡದ್ದು.

"ನನ್ನಿಂದ ನಿಮ್ಮ ಹಲ್ಲು ಹೋಯ್ತು, ಕಾಲು ಹೋಯ್ತು..." ಅವಳ ಕಣ್ಣು ತುಂಬಿತು. "ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಅಲ್ಲೇ ಕಡೀತಿದ್ರು. ನಿಮ್ಮನ್ನ." ಸ್ವಲ್ಪ ತಡೆದು ಹೇಳಿದ: "ಪ್ರತಿ ವರ್ಷ ಸಾಮಿ ಇಳಿದ ಮೇಲೆ ನಂಗೆ ಏನೂ ಗೊತ್ತಿರಲ್ಲ. ನಾನ್ಯಾರು, ಯಾವೂರು... ಏನೂ. ಮೊದಲು ಕಿವಿಗೆ ಬೀಳೋದು ನಿಮ್ಮ ದನಿ. ಅದನ್ನ ಹಿಡ್ಕೊಂಡೇ ನಾನು ನನ್ನೊಳಗೆ ವಾಪಸ್ ಬರೋದು. ಆ ಕೈ ಹೋಗಿದ್ರೆ ನೀವು ಹಾಡು ಬಿಡ್ತಿದ್ರಿ. ಆಮೇಲೆ ನಾನು ಯಾವ ದಾರೀಲಿ ವಾಪಸ್ ಬರಲಿ?"

ಪೂಲಮ್ಮಾಳ್ ಗಾಯವಿಲ್ಲದ ತನ್ನ ಎಡಗೈಯನ್ನು ಅವನ ಗಾಯವಿಲ್ಲದ ಬಲಗೈಯೊಳಗೆ ಇಟ್ಟಳು. ಇಬ್ಬರಿಗೂ ಸೇರಿ ಸರಿಯಾಗಿ ಒಂದು ಜೊತೆ.

"ಒಂದು ಮಾತು ಕೇಳ್ತೀನಿ. ಅದಕ್ಕೆ ಮುಂಚೆ ನನ್ನ ನೋಡಿ."

ನೋಡಿದ.

"ಕಣ್ಣು ಮಿಟುಕಿಸಿ."

"ಯಾಕೆ?"

"ಇದು ಸಾಮಿಗೆ ಕೇಳೋ ಮಾತಲ್ಲ. ನಿಮಗೆ."

ಅವನ ಊದಿದ ರೆಪ್ಪೆ ಕಷ್ಟಪಟ್ಟು ಮುಚ್ಚಿ, ಕಷ್ಟಪಟ್ಟು ತೆರೆಯಿತು.

"ನನ್ನ ಎಡಗಡೆ ಜಾಗ ಖಾಲಿ ಇದೆ," ಎಂದಳು ಪಿಸುಮಾತಿನಲ್ಲಿ. "ವರ್ಷಕ್ಕೊಂದು ದಿನ ನಿನ್ನನ್ನ ಸಾಮಿಗೆ ಬಿಟ್ಟುಕೊಡ್ತೀನಿ. ಉಳಿದ ದಿನವೆಲ್ಲ ಬಂದು ಕೂರ್ತೀಯಾ?"

ಕಾಫಿ ಹಿಡಿದು ಬಂದ ಐಕೋರ್ಟ್ ಮಾಮ ಕಂಬದ ಹಿಂದೆಯೇ ನಿಂತುಬಿಟ್ಟ. ಜೀವಮಾನವಿಡೀ ತಾನು ಹೇಳುತ್ತಾ ಬಂದ ಆ ಒಂದು ಮಾತನ್ನು ಬೇರೆಯವರ ಬಾಯಲ್ಲಿ ಇಷ್ಟು ಮೆತ್ತಗೆ ಅವನು ಕೇಳಿರಲಿಲ್ಲ.

"ಆಮಾ."